ಕಂಪಾಲದ ಗಾಳಿಮಾತಿಗೆ ದಿನಕ್ಕೆ 200 ಶಿಲ್ಲಿಂಗ್

ಪ್ರಶ್ನೆ: ನನ್ನ ತಮ್ಮ ಕೆಲವು ವರ್ಷ ಉಗಾಂಡದ ಕಂಪಾಲದಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದಿದ್ದಾನೆ. 2021ರ ಜನವರಿಯಲ್ಲಿ ಅಲ್ಲಿ ಚುನಾವಣೆ ಇದ್ದಾಗ ಐದು ದಿನ ಅವನಿಂದ ಒಂದು ವಾಟ್ಸಾಪ್ ಮೆಸೇಜೂ ಇರಲಿಲ್ಲ. ಮೂರನೇ ದಿನ ಸಾದಾ ಫೋನ್ ಕರೆ ಬಂದ ಮೇಲೇ ಅಮ್ಮ ಸರಿಯಾಗಿ ಊಟ ಮಾಡಿದ್ದು. ಅಲ್ಲಿನ ಸರ್ಕಾರ ಮೊದಲು ವಾಟ್ಸಾಪ್ ಬಳಸೋಕೆ ತೆರಿಗೆ ಹಾಕಿತಂತೆ, ಆಮೇಲೆ ಸುಳ್ಳು ಖಾತೆಗಳಿಂದ ಫೇಸ್‌ಬುಕ್‌ನಲ್ಲಿ ತಾನೇ ವಾದ ಮಾಡಿಸಿತಂತೆ, ಕೊನೆಗೆ ಫೇಸ್‌ಬುಕ್ಕನ್ನೇ ಬಂದ್ ಮಾಡಿತಂತೆ. ಟೀಕೆ ಬೇಡ ಅಂದರೆ ಮೊದಲೇ ಬಂದ್ ಮಾಡಬಹುದಿತ್ತಲ್ಲ? ಇದು ಯಾವ ಸೀಮೆ ಲೆಕ್ಕ? ನಮ್ಮಲ್ಲೂ ಹೀಗೇನಾ? ಅವನು ಮತ್ತೆ ಅಲ್ಲಿಗೆ ಹೋಗುವ ಯೋಚನೆಯಲ್ಲಿದ್ದಾನೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ನಿಮ್ಮ ತಮ್ಮ ಹೇಳಿದ ಮೂರೂ ನಿಜ. ಸರ್ಕಾರಕ್ಕೆ ಟೀಕೆ ಕಂಡರೆ ಆಗಲ್ಲ, ಅದಕ್ಕೇ ಬಾಯಿ ಮುಚ್ಚಿಸುತ್ತೆ ಅಂತ ನೋಡಿದರೆ ಈ ಲೆಕ್ಕ ಹೊಂದುವುದೇ ಇಲ್ಲ. ಯಾಕೆಂದರೆ ಉಗಾಂಡದಲ್ಲಿ ಟೀಕೆಗೆ ಬರವಿಲ್ಲ. ಪತ್ರಿಕೆಗಳು ಬರೆಯುತ್ತವೆ, ಸಂಸತ್ತಿನಲ್ಲಿ ವಿರೋಧ ಪಕ್ಷದವರು ಕೂಗಾಡುತ್ತಾರೆ, ಬೀದಿಯಲ್ಲಿ ಜನ ಬೈಯುತ್ತಾರೆ. ಅಧಿಕಾರದಲ್ಲಿ ಕೂತವರಿಗೆ ಬೈಗುಳಕ್ಕಿಂತ ಎಣಿಕೆಯ ಭಯ ಜಾಸ್ತಿ. ತಾನೊಬ್ಬನೇ ಬೈಯುತ್ತಿದ್ದೇನೆ ಅಂದುಕೊಂಡವನು ಮನೆಗೆ ಹೋಗಿ ಮಲಗುತ್ತಾನೆ. ತನ್ನ ಹಾಗೇ ಯೋಚಿಸೋರು ಇನ್ನೂ ಲಕ್ಷ ಜನ ಇದ್ದಾರೆ ಅಂತ ಕಣ್ಣಾರೆ ಕಂಡವನು ಮಲಗೋದಿಲ್ಲ. ಫೇಸ್‌ಬುಕ್ಕು, ವಾಟ್ಸಾಪು ಈ ತಲೆ ಎಣಿಕೆಯನ್ನು ಎಲ್ಲರ ಅಂಗೈಗೆ ತಂದುಕೊಟ್ಟವು. ಆಮೇಲೆ ಕಂಪಾಲದಲ್ಲಿ ನಡೆದದ್ದೆಲ್ಲ ಆ ಎಣಿಕೆಯನ್ನು ಕೆಡಿಸುವ ಕೆಲಸ ಅಂತ ಓದಿಕೊಂಡು ಹೋಗಿ, ಲೆಕ್ಕ ಸರಿಹೋಗುತ್ತೆ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಅಲ್ಲಿನ ಅಧ್ಯಕ್ಷ ಯೊವೇರಿ ಮುಸೆವೇನಿ ಅಧಿಕಾರಕ್ಕೆ ಬಂದದ್ದು 1986ರ ಜನವರಿಯಲ್ಲಿ. ನಮ್ಮಲ್ಲಿ ಆಗ ರಾಜೀವ್ ಗಾಂಧಿ ಪ್ರಧಾನಿ, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಎರಡೇ ಅವಧಿ ಅನ್ನುವ ಮಿತಿ ಸಂವಿಧಾನದಲ್ಲಿತ್ತು, 2005ರಲ್ಲಿ ಅದನ್ನು ತೆಗೆದರು. ಅಧ್ಯಕ್ಷನಾಗುವವನಿಗೆ 75 ವರ್ಷ ದಾಟಿರಬಾರದು ಅಂತ ಇತ್ತು, 2017ರ ಡಿಸೆಂಬರಿನಲ್ಲಿ ಅದೂ ಹೋಯಿತು. ಆದರೂ ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತೆ. ಎದುರಾಳಿಗಳ ಹೆಸರು ಮತಪತ್ರದಲ್ಲಿ ಇರುತ್ತೆ. ಕೋರ್ಟುಗಳು ಆಗೊಮ್ಮೆ ಈಗೊಮ್ಮೆ ಸರ್ಕಾರದ ವಿರುದ್ಧವೂ ತೀರ್ಪು ಕೊಡುತ್ತವೆ. ದುರ್ಬಲ ಪ್ರಜಾಪ್ರಭುತ್ವ ಅನ್ನೋದು ಇದನ್ನೇ: ಅಂಗಡಿ ತೆರೆದಿದೆ, ತಕ್ಕಡಿಯೂ ಇದೆ, ಆದರೆ ತೂಕದ ಕಲ್ಲು ಯಜಮಾನನ ಜೇಬಿನಲ್ಲಿದೆ. ಇಂಥ ಸರ್ಕಾರಕ್ಕೆ ಚೀನಾದ ಹಾಗೆ ಇಂಟರ್ನೆಟ್ಟಿಗೆ ಗೋಡೆ ಕಟ್ಟಿ ಕೂರೋಕೆ ಆಗಲ್ಲ. ವಿದೇಶಿ ನೆರವು ಬೇಕು, ವ್ಯಾಪಾರ ಬೇಕು, ಚುನಾವಣೆ ಗೆದ್ದೆ ಅನ್ನುವ ಹೆಸರೂ ಬೇಕು. ನೀವು ಕೇಳಿದ "ಮೊದಲೇ ಯಾಕೆ ಬಂದ್ ಮಾಡಲಿಲ್ಲ" ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಬಂದ್ ಮಾಡುವ ಯೋಚನೆ ಹೊಸದೇನಲ್ಲ. 2011ರ ಏಪ್ರಿಲ್‌ನಲ್ಲಿ, ಬೆಲೆ ಏರಿಕೆ ವಿರೋಧಿಸಿ ಜನ ಕೆಲಸಕ್ಕೆ ನಡೆದುಕೊಂಡೇ ಹೋಗುವ ಚಳವಳಿ ಶುರುವಾದಾಗ, ಫೇಸ್‌ಬುಕ್, ಟ್ವಿಟರ್ ಎರಡನ್ನೂ 24 ಗಂಟೆ ತಡೆಯಿರಿ ಅಂತ ಅಲ್ಲಿನ ಸಂಪರ್ಕ ಆಯೋಗ ಇಂಟರ್ನೆಟ್ ಕಂಪನಿಗಳಿಗೆ ಪತ್ರ ಬರೆದಿತ್ತು. 2016ರ ಫೆಬ್ರವರಿ 18ರಂದು, ಮತದಾನದ ದಿನ, ಸೋಷಿಯಲ್ ಮೀಡಿಯಾ ಜೊತೆ ಮೊಬೈಲ್‌ನಲ್ಲಿ ಹಣ ಕಳಿಸುವ ಸೇವೆಯನ್ನೂ ನಿಲ್ಲಿಸಿದರು. ಆಗ ಜನ ಒಂದು ಪಾಠ ಕಲಿತರು: ವಿಪಿಎನ್, ಅಂದರೆ ತಡೆದ ಸೈಟನ್ನೂ ಬೇರೆ ದೇಶದ ದಾರಿಯಿಂದ ಸುತ್ತಿ ಹೋಗಿ ತೆರೆಯುವ ಆ್ಯಪ್. ತರಕಾರಿ ಮಾರುವವರಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರಿಗೂ ಆ ಮೂರಕ್ಷರ ಬಾಯಿಪಾಠ ಆಯಿತು.

ಆಮೇಲೆ ಬಂತು ನೋಡಿ ತೆರಿಗೆ. 2018ರ ಮಾರ್ಚ್‌ನಲ್ಲಿ ಮುಸೆವೇನಿ ತಮ್ಮ ಹಣಕಾಸು ಮಂತ್ರಿಗೆ ಪತ್ರ ಬರೆದರು. ಇಂಟರ್ನೆಟ್ಟನ್ನು ಓದಿಗೆ, ಸಂಶೋಧನೆಗೆ ಬಳಸುವವರಿಗೆ ತೆರಿಗೆ ಬೇಡ, ಆದರೆ ಲುಗಾಂಬೊಗೆ ಹಾಕಬೇಕು ಅಂದರು. ಲುಗಾಂಬೊ ಅಂದರೆ ಅವರ ಭಾಷೆಯಲ್ಲಿ ಗಾಳಿಮಾತು, ಕಟ್ಟೆಪುರಾಣ. ಜುಲೈ 1ರಿಂದ ಕಾನೂನು ಜಾರಿಗೆ ಬಂತು. ಫೇಸ್‌ಬುಕ್, ವಾಟ್ಸಾಪ್, ಟ್ವಿಟರ್ ತೆರೆಯಬೇಕಾದರೆ ದಿನಕ್ಕೆ 200 ಶಿಲ್ಲಿಂಗ್ ಮೊದಲೇ ಕಟ್ಟಬೇಕು. ಡೇಟಾ ದುಡ್ಡು ಬೇರೆ. ನಮ್ಮ ಲೆಕ್ಕದಲ್ಲಿ ಆಗ ಮೂರೂವರೆ ರೂಪಾಯಿ ಆಸುಪಾಸು. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಡೇಟಾವನ್ನೂ ದಿನದ ಲೆಕ್ಕದಲ್ಲಿ ಚೂರು ಚೂರೇ ಕೊಳ್ಳುವ ಮನುಷ್ಯನಿಗೆ ಅದು ಸಣ್ಣದಲ್ಲ. ಅದೂ ಪ್ರತಿದಿನ. ಬೆಳಿಗ್ಗೆ ಎದ್ದು "ಇವತ್ತು ಮಾತಾಡಬೇಕಾ, ಬೇಡವಾ" ಅಂತ ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಖಜಾನೆಯ ಕಡೆಯಿಂದ ನೋಡಿದರೆ ಈ ತೆರಿಗೆ ಸೋತುಹೋಯಿತು. ಮೊದಲ ವರ್ಷ 284 ಶತಕೋಟಿ ಶಿಲ್ಲಿಂಗ್ ಬರುತ್ತೆ ಅಂತ ಅಂದಾಜು ಮಾಡಿದ್ದರು, ಬಂದದ್ದು ಸುಮಾರು 50 ಶತಕೋಟಿ. ಜನ ವಿಪಿಎನ್ ಹಾಕಿಕೊಂಡರು, ಆಫೀಸಿನ ವೈಫೈಗೆ ಅಂಟಿಕೊಂಡರು, ಕೆಲವರು ಇಂಟರ್ನೆಟ್ಟನ್ನೇ ಬಿಟ್ಟರು. 2021ರ ಜುಲೈನಲ್ಲಿ ಸರ್ಕಾರ ಇದನ್ನು ಕೈಬಿಟ್ಟು ಡೇಟಾ ಮೇಲೇ ಶೇ. 12 ತೆರಿಗೆ ಹಾಕಿತು. ಎಣಿಕೆಯ ಕಡೆಯಿಂದ ನೋಡಿದರೆ ನನಗೆ ಇದು ಸೋತ ತೆರಿಗೆ ಅನ್ನಿಸುವುದಿಲ್ಲ. ಬಿಟ್ಟುಹೋದವರು ಯಾರು ಯೋಚನೆ ಮಾಡಿ. ಕಂಪಾಲದ ಕಚೇರಿಯಲ್ಲಿ ಕೂತವರಲ್ಲ. ಹಳ್ಳಿಯವರು, ಹೆಂಗಸರು, ದಿನಗೂಲಿಯವರು. ಯಾವ ಜನ ಎಷ್ಟಿದ್ದಾರೆ ಅಂತ ಯಾರಿಗೂ ಗೊತ್ತಾಗಬಾರದೋ ಆ ಜನವೇ ಮೊದಲು ಹೊರಗೆ ಬಿದ್ದರು.

ಈಗ ಸುಳ್ಳು ಖಾತೆಗಳ ವಿಷಯ. 2017ರಲ್ಲಿ ಬೋಬಿ ವೈನ್ ಎಂಬ ಹಾಡುಗಾರ ಉಪಚುನಾವಣೆ ಗೆದ್ದು ಸಂಸತ್ತಿಗೆ ಬಂದರು. ನಿಜವಾದ ಹೆಸರು ರಾಬರ್ಟ್ ಕ್ಯಾಗುಲಾನ್ಯಿ. ಕಂಪಾಲದ ಸ್ಲಮ್ಮಿನಿಂದ ಬಂದವರು, ಹುಡುಗರಿಗೆ ಅಚ್ಚುಮೆಚ್ಚು. ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅವರ ಪ್ರಚಾರ ಫೇಸ್‌ಬುಕ್ ಲೈವ್ ಅನ್ನು ಬಹಳ ನೆಚ್ಚಿಕೊಂಡಿತ್ತು. ರೇಡಿಯೊ ಸ್ಟೇಷನ್‌ಗಳಲ್ಲಿ ಎಷ್ಟೋ ಆಳುವ ಪಕ್ಷದವರ ಕೈಯಲ್ಲಿವೆ, ಇವರಿಗೆ ಸಮಯ ಸಿಗುವುದು ಕಷ್ಟ. 2020ರ ನವೆಂಬರ್ 18ರಂದು ಪ್ರಚಾರದ ಮಧ್ಯೆಯೇ ಅವರನ್ನು ಬಂಧಿಸಿದರು. ಬೀದಿಯಲ್ಲಿ ಗಲಾಟೆ ಎದ್ದಿತು, ಗೋಲಿಬಾರ್ ಆಯಿತು. ಸರ್ಕಾರದ ಲೆಕ್ಕದಲ್ಲೇ 54 ಜನ ಸತ್ತರು.

ಆ ದಿನಗಳಲ್ಲಿ ಫೇಸ್‌ಬುಕ್‌ನಲ್ಲಿ ಒಂದು ವಿಚಿತ್ರ ಗುಂಪು ಚುರುಕಾಗಿತ್ತು. ಬೇರೆಯವರ ಹೆಸರು ಫೋಟೊ ಕದ್ದ ಖಾತೆಗಳು, ಒಬ್ಬನೇ ನಡೆಸುವ ಹಲವು ಖಾತೆಗಳು. ಅವು ಸರ್ಕಾರದ ಪರ ಪೇಜ್‌ಗಳನ್ನು ನಡೆಸುತ್ತಿದ್ದವು, ಬೇರೆಯವರ ಪೋಸ್ಟ್‌ಗಳ ಕೆಳಗೆ ಕಾಮೆಂಟ್ ಹಾಕುತ್ತಿದ್ದವು, ಒಂದೇ ಪೋಸ್ಟನ್ನು ಗುಂಪಿನಿಂದ ಗುಂಪಿಗೆ ಹೊತ್ತು ಹಾಕಿ ಅದು ಬಹಳ ಜನಪ್ರಿಯ ಅನ್ನಿಸುವ ಹಾಗೆ ಮಾಡುತ್ತಿದ್ದವು. 2021ರ ಜನವರಿ 11ರಂದು, ಮತದಾನಕ್ಕೆ ಮೂರೇ ದಿನ ಇದ್ದಾಗ, ಈ ಜಾಲವನ್ನು ಕಿತ್ತುಹಾಕಿದ್ದೇವೆ ಅಂತ ಫೇಸ್‌ಬುಕ್ ಹೇಳಿತು. ಇನ್ನೂರಕ್ಕೂ ಹೆಚ್ಚು ಖಾತೆ, ಅದರ ಜೊತೆ ಪೇಜ್‌ಗಳು, ಗುಂಪುಗಳು, ಇನ್‌ಸ್ಟಾಗ್ರಾಂ ಖಾತೆಗಳು. ದಾರಿ ಹಿಡಿದು ಹೋದರೆ ಸಿಕ್ಕಿದ್ದು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಒಂದು ಕೇಂದ್ರ. ಆ ಕೇಂದ್ರದ ಹೆಸರಿನ ಅರ್ಥ ಏನು ಗೊತ್ತಾ? ಸರ್ಕಾರ ಮತ್ತು ನಾಗರಿಕರ ಸಂವಾದ ಕೇಂದ್ರ! ಸಂವಾದದಲ್ಲಿ ಎರಡೂ ಕಡೆಯ ಮಾತನ್ನು ತಾವೇ ಆಡುತ್ತಿದ್ದರು.

ಇಲ್ಲಿ ಒಂದು ಮಾತು. ಸರ್ಕಾರ ತನ್ನ ಹೆಸರಿನಲ್ಲಿ, ತನ್ನ ಮಂತ್ರಿಗಳ ಖಾತೆಯಿಂದ ಎಷ್ಟು ಬೇಕಾದರೂ ವಾದ ಮಾಡಲಿ, ಅದು ರಾಜಕೀಯ. ಹಾಗೆಯೇ ಆಳುವ ಪಕ್ಷದ ಕಾರ್ಯಕರ್ತರು ತಮ್ಮ ಮುಖ ತೋರಿಸಿಕೊಂಡು ಜಗಳ ಆಡಲಿ, ಅದೂ ಸರಿಯೇ. ಮುಸೆವೇನಿಗೆ ಮನಸಾರೆ ವೋಟು ಹಾಕುವವರು ಬೇಕಾದಷ್ಟಿದ್ದಾರೆ, ಅದರಲ್ಲೂ ಹಳ್ಳಿಗಳಲ್ಲಿ. ತಪ್ಪು ಇರೋದು ಇಲ್ಲದ ತಲೆಗಳನ್ನು ಇದ್ದಂತೆ ಎಣಿಸಿ ತೋರಿಸುವುದರಲ್ಲಿ. ಇದು ಉಗಾಂಡದ ಸ್ವಂತ ಶೋಧನೆಯೂ ಅಲ್ಲ. ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ ಹುವಾನ್ ಒರ್ಲಾಂಡೊ ಹೆರ್ನಾಂಡೆಸ್ ಅಧ್ಯಕ್ಷರಾಗಿದ್ದಾಗ, 2018ರ ಜೂನ್-ಜುಲೈಯ ಆರು ವಾರಗಳಲ್ಲಿ ಅವರ ಪೋಸ್ಟ್‌ಗಳಿಗೆ ಲೈಕ್ ಒತ್ತಿದ 59,100 ಖಾತೆಗಳಲ್ಲಿ ಶೇ. 78ಕ್ಕೂ ಹೆಚ್ಚು ನಿಜವಾದ ಮನುಷ್ಯರದ್ದಲ್ಲ. ಕಂಡುಹಿಡಿದವರು ಫೇಸ್‌ಬುಕ್‌ನಲ್ಲೇ ಡೇಟಾ ವಿಜ್ಞಾನಿಯಾಗಿದ್ದ ಸೋಫಿ ಝಾಂಗ್. ಅಲ್ಲಿನ ತಂತ್ರ ಇನ್ನೂ ಸಲೀಸು. ಫೇಸ್‌ಬುಕ್‌ನಲ್ಲಿ ಒಬ್ಬರಿಗೆ ಒಂದೇ ಖಾತೆ, ಆದರೆ ಪೇಜ್ ಎಷ್ಟು ಬೇಕಾದರೂ ಮಾಡಬಹುದು. ಅಂಗಡಿ, ಸಂಘಗಳಿಗೆ ಅಂತ ಇರುವ ಪೇಜ್‌ಗಳಿಗೆ ಮನುಷ್ಯರ ಹೆಸರು, ಫೋಟೊ ಹಾಕಿ, ಅವುಗಳಿಂದ ಲೈಕ್ ಒತ್ತಿಸಿದರು. ಝಾಂಗ್ 2018ರ ಆಗಸ್ಟ್‌ನಲ್ಲಿ ವರದಿ ಕೊಟ್ಟರು, ಕಂಪನಿ ಕ್ರಮ ತೆಗೆದುಕೊಂಡದ್ದು 2019ರ ಜುಲೈನಲ್ಲಿ. ಸಣ್ಣ ದೇಶ, ಪತ್ರಿಕೆಗಳ ಕಣ್ಣಿಗೆ ಬೀಳಲ್ಲ, ಅರ್ಜೆಂಟ್ ಏನು? ಉಗಾಂಡದಲ್ಲಿ ಚುನಾವಣೆಯ ವಾರದಲ್ಲೇ ಕ್ರಮ ಆಯಿತು ಅಂದರೆ ಅದು ಮಾಮೂಲಿ ಅಲ್ಲ ಅಂತ ತಿಳಿಯಬೇಕು.

ಮುಸೆವೇನಿಗೆ ಸಿಟ್ಟು ಬಂತು. ಮಾರನೇ ದಿನವೇ, ಜನವರಿ 12ರ ರಾತ್ರಿ, ಟಿವಿಯಲ್ಲಿ ಮಾತಾಡಿದರು. ಯಾರು ಒಳ್ಳೆಯವರು ಯಾರು ಕೆಟ್ಟವರು ಅಂತ ಹೊರಗಿನವರು ಬಂದು ಹೇಳಬೇಕಾಗಿಲ್ಲ, ನಮ್ಮ ಪಕ್ಷದವರಿಗೆ ಜಾಗ ಇಲ್ಲ ಅಂದರೆ ಆ ಕಂಪನಿಗೂ ಉಗಾಂಡದಲ್ಲಿ ಜಾಗ ಇಲ್ಲ ಅನ್ನುವುದು ಮಾತಿನ ಸಾರ. ಫೇಸ್‌ಬುಕ್ ಬಂದ್. ಅಮೆರಿಕದ ಕಂಪನಿಯೊಂದು ಆಫ್ರಿಕಾದ ದೇಶದ ಚರ್ಚೆಯಲ್ಲಿ ಅಂಪೈರ್ ಆಗೋದು ಸರಿಯಾ ಅನ್ನುವ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ, ನನಗೂ ಅದು ಇಷ್ಟವಿಲ್ಲ. ಆದರೆ ಕಳ್ಳಮತ ಹಿಡಿದ ಅಧಿಕಾರಿ ಪರಊರಿನವನು ಅಂತ ಕಳ್ಳಮತ ಒಳ್ಳೆ ಮತ ಆಗಲ್ಲ.

ಜನವರಿ 13ರ ಸಂಜೆ ಇಡೀ ಇಂಟರ್ನೆಟ್ಟೇ ಹೋಯಿತು. 14ರಂದು ಮತದಾನ, 16ರಂದು ಫಲಿತಾಂಶ, 18ಕ್ಕೆ ಇಂಟರ್ನೆಟ್ ವಾಪಸ್. ನಿಮ್ಮ ಅಮ್ಮ ಊಟ ಬಿಟ್ಟ ದಿನಗಳು ಇವೇ. ಈ ತಾರೀಖುಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಪ್ರಚಾರ ನಡೆದ ತಿಂಗಳುಗಟ್ಟಲೆ ಇಂಟರ್ನೆಟ್ ಇತ್ತು. ಹೋದದ್ದು ಎಣಿಕೆಯ ಹೊತ್ತಿಗೆ. ಅಲ್ಲಿ ಮತಗಟ್ಟೆಯಲ್ಲೇ ಮತ ಎಣಿಸಿ ಒಂದು ಫಾರಂನಲ್ಲಿ ಬರೆದು ಏಜೆಂಟರ ಸಹಿ ಹಾಕಿಸುತ್ತಾರೆ. ಬೋಬಿ ವೈನ್ ಪಕ್ಷ ಆ ಫಾರಂಗಳ ಫೋಟೊಗಳನ್ನು ಒಂದು ಆ್ಯಪ್‌ನಲ್ಲಿ ಒಟ್ಟು ಮಾಡಿ ತನ್ನದೇ ಲೆಕ್ಕ ಹಾಕುವ ತಯಾರಿ ಮಾಡಿಕೊಂಡಿತ್ತು. ಇಂಟರ್ನೆಟ್ ಇಲ್ಲದೆ ಆ ಆ್ಯಪ್ ಏನು ಮಾಡುತ್ತೆ? ಅಧಿಕೃತ ಲೆಕ್ಕ ಒಂದೇ ಉಳಿಯಿತು: ಮುಸೆವೇನಿಗೆ ಶೇ. 58ರಷ್ಟು, ಬೋಬಿ ವೈನ್‌ಗೆ ಶೇ. 35ರಷ್ಟು. ನಿಜವಾದ ಅಂಕಿ ಬೇರೆ ಇತ್ತು ಅಂತ ನಾನು ಹೇಳುತ್ತಿಲ್ಲ. ಇತ್ತೋ ಇಲ್ಲವೋ ಅಂತ ತಾಳೆ ನೋಡುವ ದಾರಿಯನ್ನೇ ಕಿತ್ತರು ಅನ್ನುತ್ತಿದ್ದೇನೆ. ಬೋಬಿ ವೈನ್ ಮನೆಯ ಸುತ್ತ ಸೈನಿಕರು ನಿಂತಿದ್ದರು, ಕೋರ್ಟ್ ಹೇಳಿದ ಮೇಲೆ, ಹತ್ತು ದಿನಕ್ಕೂ ಜಾಸ್ತಿ ಕಳೆದು, ಅಲ್ಲಿಂದ ಹೋದರು. ಉಳಿದ ಇಂಟರ್ನೆಟ್ ಬಂದರೂ ಫೇಸ್‌ಬುಕ್ ಮೇಲಿನ ತಡೆ ವರ್ಷಗಟ್ಟಲೆ ಹಾಗೇ ಉಳಿಯಿತು.

ಇಂಟರ್ನೆಟ್ ಬಂದ್ ಮಾಡಿದರೆ ಜಗತ್ತಿಗೆಲ್ಲ ಗೊತ್ತಾಗುತ್ತೆ, ವ್ಯಾಪಾರ ಕೆಡುತ್ತೆ, ನಾಚಿಕೆಯ ಸುದ್ದಿ ಆಗುತ್ತೆ. ಹಾಗಾಗಿ ಅದು ಕೊನೆಯ ಆಯುಧ. ನನ್ನ ಕೇಳಿದರೆ ಅದಕ್ಕಿಂತ ಕೆಟ್ಟದ್ದು ಕೇಸು. 2011ರಲ್ಲಿ ಕಂಪ್ಯೂಟರ್ ದುರ್ಬಳಕೆ ಕಾಯಿದೆ ಅಂತ ಒಂದು ಬಂತು. ಸ್ಟೆಲ್ಲಾ ನ್ಯಾಂಜಿ ಎಂಬ ಮಕೆರೆರೆ ವಿಶ್ವವಿದ್ಯಾಲಯದ ಸಂಶೋಧಕಿ ಇದರ ಕೈಗೆ ಎರಡು ಸಲ ಸಿಕ್ಕರು. ಶಾಲೆ ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್ ಕೊಡುತ್ತೇವೆ ಅಂತ ಮುಸೆವೇನಿ ಚುನಾವಣೆಯಲ್ಲಿ ಮಾತು ಕೊಟ್ಟಿದ್ದರು. ಶಿಕ್ಷಣ ಮಂತ್ರಿ ದುಡ್ಡಿಲ್ಲ ಅಂದರು. ಆ ಮಂತ್ರಿ ಮುಸೆವೇನಿಯವರ ಹೆಂಡತಿ. ನ್ಯಾಂಜಿ ಫೇಸ್‌ಬುಕ್‌ನಲ್ಲಿ ಅಧ್ಯಕ್ಷರನ್ನು ಒಂದು ಜೋಡಿ ಕುಂಡಿ ಅಂತ ಕರೆದರು. 2017ರಲ್ಲಿ ಒಂದು ತಿಂಗಳು ಜೈಲು. ಮರುವರ್ಷ ಅಧ್ಯಕ್ಷರ ಹುಟ್ಟಿನ ಬಗ್ಗೆ ಒಂದು ಕವಿತೆ ಹಾಕಿದರು, 2019ರ ಆಗಸ್ಟ್‌ನಲ್ಲಿ 18 ತಿಂಗಳ ಶಿಕ್ಷೆ ಆಯಿತು. 2020ರ ಫೆಬ್ರವರಿಯಲ್ಲಿ ಮೇಲಿನ ಕೋರ್ಟ್ ಬಿಡಿಸಿತು. ಆ ಪದ್ಯ ಓದಿದರೆ ನಮ್ಮಲ್ಲೂ ಎಷ್ಟೋ ಜನ ಮೂಗು ಮುರಿಯುತ್ತಾರೆ, ಅದು ಒರಟು. ಆದರೆ ಒರಟುತನ ಒಂದು ಹಳೆಯ ಪ್ರತಿಭಟನೆ, ನಮ್ಮ ಹಳ್ಳಿಯ ಹೆಂಗಸರಿಗೂ ಗೊತ್ತು.

ಕಾನೂನಿನ ಕಣ್ಣಿಗೆ ಯಾರು ಕಾಣುತ್ತಾರೆ, ಯಾರು ಕಾಣಲ್ಲ ಅನ್ನೋದಕ್ಕೆ ಇನ್ನೊಂದು ಜೋಡಿ ಕಥೆ ಇದೆ. ಮುಸೆವೇನಿ ಮಗ ಮುಹೂಜಿ ಕೈನೆರುಗಬ ಸೇನೆಯ ದೊಡ್ಡ ಅಧಿಕಾರಿ, ಟ್ವಿಟರ್ ಹುಚ್ಚು ಇರುವವರು. ಕಕ್ವೆಂಜಾ ರುಕಿರಬಶೈಜ ಎಂಬ ಲೇಖಕ ಅವರನ್ನು ದಪ್ಪಗಿರುವವನು ಅಂತೆಲ್ಲ ಟ್ವೀಟ್ ಮಾಡಿದರು. 2021ರ ಡಿಸೆಂಬರ್ ಕೊನೆಯಲ್ಲಿ ಬಂಧನ. ಹೊರಗೆ ಬಂದಾಗ ಬೆನ್ನಿನ ಮೇಲಿನ ಗಾಯಗಳನ್ನು ತೋರಿಸಿದರು, ಕಸ್ಟಡಿಯಲ್ಲಿ ಹಿಂಸೆ ಕೊಟ್ಟರು ಅಂದರು. ದೇಶ ಬಿಟ್ಟು ಜರ್ಮನಿ ಸೇರಿದರು. 2022ರ ಅಕ್ಟೋಬರ್ ಮೊದಲ ವಾರ ಅದೇ ಮುಹೂಜಿ ಒಂದು ಟ್ವೀಟ್ ಮಾಡಿದರು: ನನಗೂ ನನ್ನ ಸೈನ್ಯಕ್ಕೂ ನೈರೋಬಿ ಹಿಡಿಯೋಕೆ ಎರಡು ವಾರ ಸಾಕು. ಪಕ್ಕದ ಕೆನ್ಯಾದ ರಾಜಧಾನಿ! ಅಪ್ಪ ಕೆನ್ಯಾದವರ ಕ್ಷಮೆ ಕೇಳಬೇಕಾಯಿತು. ಮಗನನ್ನು ಭೂಸೇನೆಯ ಕಮಾಂಡರ್ ಸ್ಥಾನದಿಂದ ತೆಗೆದರು, ಜೊತೆಗೇ ಪೂರ್ಣ ಜನರಲ್ ಆಗಿ ಬಡ್ತಿ ಕೊಟ್ಟರು. ಅದೇ ತಿಂಗಳ 13ಕ್ಕೆ ಮುಸೆವೇನಿ ಕಂಪ್ಯೂಟರ್ ದುರ್ಬಳಕೆ ಕಾಯಿದೆಯನ್ನು ಇನ್ನಷ್ಟು ಬಿಗಿ ಮಾಡುವ ತಿದ್ದುಪಡಿಗೆ ಸಹಿ ಹಾಕಿದರು.

2023ರ ಜನವರಿಯಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟ್ ಹಳೆಯ ಕಾಯಿದೆಯ 25ನೇ ಸೆಕ್ಷನ್ ರದ್ದು ಮಾಡಿತು. ಮನಸ್ಸಿಗೆ ನೋವಾಗುವ ಮಾತು ಅಂತ ಯಾರ ಮೇಲೆ ಬೇಕಾದರೂ ಕೇಸು ಹಾಕೋಕೆ ಬರುತ್ತಿದ್ದ ಸೆಕ್ಷನ್ ಅದು. ಒಳ್ಳೆಯದಾಯಿತು ಅನ್ನುವಷ್ಟರಲ್ಲಿ, 2024ರ ಜುಲೈನಲ್ಲಿ 24 ವರ್ಷದ ಹುಡುಗನೊಬ್ಬನಿಗೆ ಟಿಕ್‌ಟಾಕ್‌ನಲ್ಲಿ ಅಧ್ಯಕ್ಷರನ್ನು ಅವಮಾನ ಮಾಡಿದ ಅಂತ ಆರು ವರ್ಷ ಜೈಲು ಆಯಿತು. ಒಬ್ಬನಿಗೆ ಆರು ವರ್ಷ ಅಂದರೆ ಸಾವಿರ ಜನ ಬರೆದದ್ದನ್ನು ಅಳಿಸುತ್ತಾರೆ. ಇದಕ್ಕೆ ಇಂಟರ್ನೆಟ್ ಕಂಪನಿಗೆ ಪತ್ರ ಬರೆಯೋದೂ ಬೇಡ.

ಹಾಗಂತ ಅಲ್ಲಿ ಮಾತಾಡಿ ಏನೂ ಆಗಲ್ಲ ಅಂದುಕೊಳ್ಳಬೇಡಿ. 2023ರ ಏಪ್ರಿಲ್‌ನಲ್ಲಿ ಜಿಮ್ಮಿ ಸ್ಪೈರ್ ಸೆಂಟೊಂಗೊ ಎಂಬ ವ್ಯಂಗ್ಯಚಿತ್ರಕಾರ, ಪಾಠ ಹೇಳುವ ಮೇಷ್ಟ್ರೂ ಹೌದು, ಟ್ವಿಟರ್‌ನಲ್ಲಿ ರಸ್ತೆ ಗುಂಡಿಗಳ ಪ್ರದರ್ಶನ ಇಟ್ಟರು. ನಿಮ್ಮ ಬೀದಿಯ ಗುಂಡಿಯ ಫೋಟೊ ತೆಗೆದು ಹಾಕಿ, ಅಷ್ಟೇ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಪಾಲದ ಗುಂಡಿಗಳು ಸಾಲುಗಟ್ಟಿ ಬಂದವು. ಮುಸೆವೇನಿ ರಾಜಧಾನಿಯ ರಸ್ತೆ ರಿಪೇರಿಗೆ 6 ಶತಕೋಟಿ ಶಿಲ್ಲಿಂಗ್ ಬಿಡುಗಡೆ ಮಾಡಿ ಅಂತ ಆದೇಶ ಕೊಟ್ಟರು. ಗುಂಡಿಯನ್ನು ಎಣಿಸಬಹುದು, ಅದಕ್ಕೆ ಪಕ್ಷ ಇಲ್ಲ, ಮುಚ್ಚಿದರೆ ಕುರ್ಚಿಯೂ ಹೋಗಲ್ಲ. ಸರ್ಕಾರಕ್ಕೂ ಇಂಥ ಮಾತು ಬೇಕು. ಎಲ್ಲಿ ಏನು ಕುದಿಯುತ್ತಿದೆ ಅಂತ ಗೊತ್ತಾಗೋದು ಹೀಗೇ. "ಮೊದಲೇ ಯಾಕೆ ಬಂದ್ ಮಾಡಲಿಲ್ಲ" ಅನ್ನೋದಕ್ಕೆ ಉಳಿದರ್ಧ ಉತ್ತರ ಇದು.

ನಮ್ಮಲ್ಲಿ ಹೀಗೇನಾ ಅಂತ ಕೇಳಿದ್ದೀರಿ. ಹೌದು, ಅಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಇಂಟರ್ನೆಟ್ ಬಂದ್ ನಮ್ಮಲ್ಲೂ ಬೇಕಾದಷ್ಟು ಆಗುತ್ತೆ. ಕಾಶ್ಮೀರದ ಬಂದ್ ತಿಂಗಳುಗಟ್ಟಲೆ ನಡೆಯಿತು. ಅದರ ಕೇಸಿನಲ್ಲೇ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೊನೆಯೇ ಇಲ್ಲದ ಬಂದ್ ಸಲ್ಲದು, ಆದೇಶಗಳನ್ನು ಪ್ರಕಟಿಸಬೇಕು ಅಂತ ಹೇಳಿತು. ಹೇಳಿದ್ದು ಎಲ್ಲ ಕಡೆ ನಡೆಯುತ್ತಿಲ್ಲ, ಅದು ಬೇರೆ. ಪೋಸ್ಟ್ ತೆಗೆಸುವ ಜಗಳವಂತೂ ನಮ್ಮ ಬೆಂಗಳೂರಿಗೇ ಬಂದಿದೆ. ಐಟಿ ಕಾಯಿದೆಯ 69ಎ ಅಡಿ ಕೇಂದ್ರ ಕೊಟ್ಟ ಆದೇಶಗಳನ್ನು ಟ್ವಿಟರ್ ಪ್ರಶ್ನಿಸಿದಾಗ, 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟ್ ಅರ್ಜಿ ವಜಾ ಮಾಡಿ 50 ಲಕ್ಷ ದಂಡ ಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ ಪೋಸ್ಟ್ ತೆಗೆಯಿರಿ ಅಂತ ಸರ್ಕಾರ ಕಂಪನಿಗಳಿಗೆ ಹೇಳಿ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧದ ಅರ್ಜಿಯನ್ನೂ ವಜಾ ಮಾಡಿತು. ಈ ತೀರ್ಪುಗಳನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನಾನು ಒಂದನ್ನೇ ಗಮನಿಸುತ್ತೇನೆ: ನಮ್ಮಲ್ಲಿ ಮತ ಎಣಿಕೆಯ ದಿನ ದೇಶದ ಇಂಟರ್ನೆಟ್ ಇರುತ್ತೆ, ಅಧಿಕಾರದಲ್ಲಿದ್ದವರು ಸೋಲುತ್ತಾರೆ, ಮನೆಗೆ ಹೋಗುತ್ತಾರೆ. ಸುಳ್ಳು ಖಾತೆಗಳ ಜನಜಾತ್ರೆ ಮಾತ್ರ ನಮಗೂ ಹೊಸದಲ್ಲ. ಹೆಸರಿನ ಕೊನೆಗೆ ಏಳೆಂಟು ಅಂಕಿ, ಹತ್ತು ಖಾತೆಗಳಲ್ಲಿ ಅದೇ ವಾಕ್ಯ ಅದೇ ಕಾಗುಣಿತದ ತಪ್ಪಿನ ಜೊತೆ, ಊರು ಬಳಗದ ಒಂದು ಫೋಟೊವೂ ಇಲ್ಲ ಅಂದರೆ, ಉತ್ತರ ಕೊಡುವ ಮೊದಲು ಒಂದು ಲೋಟ ಕಾಫಿ ಕುಡಿಯಿರಿ.

ಕೊನೆಗೆ ನಿಮ್ಮ ತಮ್ಮನ ವಿಷಯ. ಹೋಗೋದಕ್ಕೆ ಇದರಿಂದ ಏನೂ ಅಡ್ಡಿಯಿಲ್ಲ. ಕೆಲಸದ ಪರವಾನಗಿ ಮೇಲೆ ಇರುವ ಹೊರದೇಶದವನು ಅಲ್ಲಿನ ಅಧ್ಯಕ್ಷರ ಕುಟುಂಬದ ಬಗ್ಗೆ ಜೋಕ್ ಫಾರ್ವರ್ಡ್ ಮಾಡೋದು ಬೇಡ, ವಾಟ್ಸಾಪ್ ಗುಂಪಿಗೂ ಇದೇ ಮಾತು. ಅಲ್ಲಿನ ರಾಜಕೀಯ ಅಲ್ಲಿಯವರದ್ದು, ಅವರ ಜೊತೆ ಕೂತು ಕೇಳಲಿ. ಚುನಾವಣೆಯ ವಾರ ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಲಿ, ಯಾಕೆಂದರೆ ಮೊಬೈಲ್ ಹಣ ನಂಬೋಕಾಗಲ್ಲ. ಅಮ್ಮನಿಗೆ ಅವನ ಅಲ್ಲಿನ ನಂಬರನ್ನೂ, ಪಕ್ಕದ ಮನೆಯವರದ್ದೋ ಆಫೀಸಿನದ್ದೋ ಇನ್ನೊಂದು ನಂಬರನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಲಿ. 2021ರಲ್ಲಿ ಇಂಟರ್ನೆಟ್ ಹೋಗಿದ್ದರೂ ಸಾದಾ ಕರೆ ಹೋಗುತ್ತಿತ್ತು. ಅವನು ಮೂರನೇ ದಿನದವರೆಗೆ ಕಾಯಬೇಕಾಗಿರಲಿಲ್ಲ, ಮೊದಲ ದಿನವೇ ಮಾಡಬಹುದಿತ್ತು ಅಂತ ನನ್ನ ಹೆಸರು ಹೇಳಿಯೇ ಬೈಯಿರಿ.